ಸೈಕಲ್ ಎಲ್ಲಿ ಮಡಗೋದು? ಬಾಡಿಗೆ ಮನೆಗಳ ಮಾಲೀಕರಿಗೊಂದು ಬಹಿರಂಗ ಪತ್ರ

ಚಾಮರಾಜನಗರ ಮತ್ತು ಗುಂಡ್ಲುಪೇಟೆಯಲ್ಲಿ ಮಹಡಿ ಮೇಲೆ ಮಹಡಿ ಎಬ್ಬಿಸಿ ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ, ಇನ್ನು ಮುಂದೆ ಕೊಡಲಿರುವ ಎಲ್ಲ ಮಾಲೀಕರೇ,

ನಿಮ್ಮನ್ನು ಕೇಳಲು ಹೊರಟಿರುವುದು ದೊಡ್ಡದೇನಲ್ಲ. ಆರೂವರೆ ಅಡಿ ಉದ್ದ, ಎಂಟಡಿ ಅಗಲದ ಒಂದು ಜಾಗ. ಅದು ನೆಲಮಟ್ಟದಲ್ಲಿರಬೇಕು, ಗೇಟಿನ ಒಳಗಿರಬೇಕು, ಮೇಲೊಂದು ಸೂರಿರಬೇಕು, ನೆಲದಲ್ಲಿ ಹೂತು ಕಾಂಕ್ರೀಟು ಹಾಕಿದ ಎರಡು ಕಬ್ಬಿಣದ ಕಮಾನುಗಳಿರಬೇಕು. ಇಷ್ಟಿದ್ದರೆ ನಾಲ್ಕು ಮನೆಯವರು ನಾಲ್ಕು ಸೈಕಲ್ಲಿಗೆ ಬೀಗ ಹಾಕಿ ರಾತ್ರಿ ನೆಮ್ಮದಿಯಾಗಿ ಮಲಗಬಹುದು. ಮೂವತ್ತು-ನಲವತ್ತರ ಸೈಟಿನ 1200 ಚದರ ಅಡಿಯಲ್ಲಿ ಇದು ಬರೀ 52 ಚದರ ಅಡಿ, ನೂರಕ್ಕೆ ನಾಲ್ಕು ಚಿಲ್ಲರೆ ಪಾಲು. ನಗರಸಭೆಗೋ ಜಿಲ್ಲಾಧಿಕಾರಿಗಳಿಗೋ ಬರೆಯಬೇಕಾದ ಪತ್ರವನ್ನು ನಮಗೇಕೆ ಬರೆಯುತ್ತಿದ್ದಾನೆ ಎಂದು ನೀವು ಕೇಳಬಹುದು. ಈ ಜಾಗ ಕೊಡುವ ಅಧಿಕಾರ ಇರುವುದು ನಿಮ್ಮ ಕೈಯಲ್ಲಿ, ಅದಕ್ಕೆ. ಗೋಡೆಗೆ ಒಂದು ಮೊಳೆ ಹೊಡೆಯಲೂ ಬಾಡಿಗೆದಾರ ನಿಮ್ಮ ಮಾತು ಕೇಳಬೇಕು. ನೆಲ ಅಗೆದು ಕಂಬಿ ನೆಡುವುದಂತೂ ಅವನ ಕೈಲಾಗುವ ಕೆಲಸವಲ್ಲ.

ನಮ್ಮೆರಡು ಊರುಗಳಲ್ಲಿ ಅಪಾರ್ಟ್‌ಮೆಂಟ್ ಎಂದರೆ ಬೆಂಗಳೂರಿನ ಹಾಗೆ ಹದಿನೈದು ಅಂತಸ್ತು, ಲಿಫ್ಟು, ಸೆಕ್ಯುರಿಟಿ, ತಿಂಗಳ ಮೆಂಟೆನೆನ್ಸು, ವರ್ಷಕ್ಕೊಂದು ಸಂಘದ ಚುನಾವಣೆ ಎಂಬ ಸಂಸಾರವಲ್ಲ. ಕೆಳಗೆ ಮಾಲೀಕರು ಅಥವಾ ಒಂದೆರಡು ಅಂಗಡಿ, ಮೇಲೆ ಎರಡು ಮನೆ, ಅದರ ಮೇಲೆ ಇನ್ನೆರಡು, ಟೆರೇಸಿನಲ್ಲಿ ಶೀಟು ಹೊದಿಸಿದ ಒಂದು ಬ್ಯಾಚುಲರ್ ರೂಮು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲಾ ಕೇಂದ್ರವಾದಾಗ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನೌಕರರು ಬಂದರು. 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು, 2023ರಲ್ಲಿ ಊರಿಗೆ ತನ್ನದೇ ವಿಶ್ವವಿದ್ಯಾಲಯವೂ ಬಂತು. ಗುಂಡ್ಲುಪೇಟೆಯ ಕಥೆ ಬೇರೆ. ಊಟಿಯ ದಾರಿ, ವಯನಾಡಿನ ದಾರಿ ಎರಡೂ ಕವಲೊಡೆಯುವ ಊರು ಅದು. ಹೋಟೆಲು, ಲಾಡ್ಜು, ತರಕಾರಿ ಮಂಡಿ, ಲಾರಿ ಇವೆಲ್ಲ ಅಲ್ಲಿಗೆ ಕೆಲಸಗಾರರನ್ನು ಎಳೆದು ತಂದವು. ಮಕ್ಕಳ ಓದಿಗೆಂದು ಹಳ್ಳಿಯ ಮನೆಗೆ ಬೀಗ ಹಾಕಿ ಬಂದ ಕುಟುಂಬಗಳೂ ಎರಡೂ ಊರಲ್ಲಿವೆ. ಇವರಿಗೆಲ್ಲ ತಲೆ ಮೇಲೊಂದು ಸೂರು ಒದಗಿಸಿದವರು ನೀವೇ. ಸಾಲ ಮಾಡಿ, ಸಿಮೆಂಟಿನ ಬೆಲೆ ಏರಿದಾಗ ಬೈದುಕೊಂಡು, ಮೇಸ್ತ್ರಿಯ ಜೊತೆ ಜಗಳವಾಡಿ ಕಟ್ಟಿಸಿದ್ದೀರಿ. ಆ ಶ್ರಮದ ಬಗ್ಗೆ ಗೌರವ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಇಂಥ ಒಂದು ಕಟ್ಟಡದ ನೆಲಮಟ್ಟವನ್ನು ಒಮ್ಮೆ ಗಮನವಿಟ್ಟು ನೋಡಿ. ಗೇಟು ತೆರೆದ ಕೂಡಲೇ ಸಂಪಿನ ಮುಚ್ಚಳ. ಅದರ ಪಕ್ಕ ಮಾಲೀಕರ ಕಾರು, ಕಾರಿನ ಬದಿಗೆ ಮೇಲಿನ ಮನೆಗಳ ಎರಡು ಬೈಕು, ಒಂದು ಸ್ಕೂಟರು. ಗೋಡೆಗೆ ವಿದ್ಯುತ್ ಕಂಪನಿ ಸೆಸ್ಕ್‌ನ ಐದು ಮೀಟರುಗಳ ಹಲಗೆ, ಕೆಳಗೆ ಮೋಟಾರಿನ ಸ್ವಿಚ್ಚು. ಉಳಿದದ್ದು ಮೆಟ್ಟಿಲ ಕೆಳಗಿನ ಮುಕ್ಕೋನದ ಸಂದು. ಅಲ್ಲಿ ಹಳೆಯ ಟೈಲ್ಸಿನ ಡಬ್ಬ, ಅರ್ಧ ಚೀಲ ಗಟ್ಟಿಯಾದ ಸಿಮೆಂಟು, ಖಾಲಿ ಪೇಂಟಿನ ಬಕೆಟ್ಟು, ಒಂದು ಗುಡಿಸುವ ಪರಕೆ. ಇವುಗಳ ಮೇಲೆ ಒರಗಿದಂತೆ ಒಂದು ಹೆಣ್ಣುಮಗುವಿನ ಸೈಕಲ್ಲು, ಅದರ ಪೆಡಲು ಇನ್ನೊಂದರ ಕಡ್ಡಿಗಳೊಳಗೆ ಸಿಕ್ಕಿಕೊಂಡಿದೆ. ಒಳಗಿನದನ್ನು ಹೊರಗೆಳೆಯಬೇಕಾದರೆ ಹೊರಗಿನದನ್ನು ಮೊದಲು ಎತ್ತಿಡಬೇಕು. ಬೆಳಗ್ಗೆ ಎಂಟೂವರೆಗೆ ಶಾಲೆಯ ಗಂಟೆ ಹತ್ತಿರ ಬಂದಾಗ ಆ ಕಸರತ್ತು ಮಾಡಿದ ಮಗುವಿಗೇ ಅದರ ಕಷ್ಟ ಗೊತ್ತು. ಚೈನಿನ ಗ್ರೀಸು ಬಿಳಿ ಸಮವಸ್ತ್ರಕ್ಕೆ ಮೆತ್ತಿಕೊಂಡರೆ ಆ ಮೇಲೆ ಅಮ್ಮನ ಕೈಯಲ್ಲಿ ಬೈಗುಳ.

ಮನೆ ನೋಡಲು ಬಂದ ದಿನ ಬಾಡಿಗೆದಾರ ನೀರು ಎಷ್ಟು ಹೊತ್ತು ಬರುತ್ತದೆ, ಕರೆಂಟಿಗೆ ಬೇರೆ ಮೀಟರೋ, ಅಡ್ವಾನ್ಸ್ ಎಷ್ಟು ಎಂದೆಲ್ಲ ಕೇಳುತ್ತಾನೆ. ಕೊನೆಗೆ ಸಂಕೋಚದಿಂದ ಒಂದು ಮಾತು: ‘ಸೈಕಲ್ಲ ಎಲ್ಲಿ ಮಡಗೋದು ಸಾ?’ ಅದಕ್ಕೆ ಬರುವ ಉತ್ತರ ನಮಗೆಲ್ಲ ಬಾಯಿಪಾಠ: ‘ಅಲ್ಲೇ ಎಲ್ಲಾದ್ರೂ ಒರಗುಸ್ಬುಡಿ, ಯಾರ್ ತಕ್ಕೋದರು?’ ತಕ್ಕೊಂಡು ಹೋಗುವವರು ಇದ್ದಾರೆ. ನಮ್ಮ ಸಾದಾ ಸೈಕಲ್ಲಿನ ಹಿಂಚಕ್ರಕ್ಕೆ ಅಂಟಿಕೊಂಡಿರುವ ಆ ಗುಂಡು ಬೀಗ ಚಕ್ರ ತಿರುಗದಂತೆ ತಡೆಯುತ್ತದೆ, ಅಷ್ಟೆ. ಹಿಂಬದಿಯನ್ನು ಎತ್ತಿ ಹಿಡಿದು ಮುಂದಿನ ಚಕ್ರದ ಮೇಲೆ ತಳ್ಳಿಕೊಂಡು ಹೋದರೆ, ಇಲ್ಲವೇ ಗೂಡ್ಸ್ ಆಟೋಗೆ ಎತ್ತಿ ಹಾಕಿದರೆ, ಬೀಗವೂ ಸೈಕಲ್ಲಿನ ಜೊತೆಗೇ ಹೊರಟುಹೋಗುತ್ತದೆ. ಕದಲದ ಯಾವುದಾದರೂ ಒಂದಕ್ಕೆ ಸರಪಳಿ ಬಿಗಿದಾಗ ಮಾತ್ರ ಅದಕ್ಕೆ ಬೀಗ ಹಾಕಿದಂತೆ. ಹಾಗೆ ಬಿಗಿಯಲು ನಿಮ್ಮ ಕಟ್ಟಡದಲ್ಲಿ ಏನಿದೆ? ಕೆಲವರು ಕೆಳಮನೆಯ ಕಿಟಕಿಯ ಸರಳಿಗೆ ಕಟ್ಟುತ್ತಾರೆ. ಆ ಮನೆಯವರಿಗೆ ಬೇಸರ. ಕೆಲವರು ನೀರಿನ ಪೈಪಿಗೆ ಕಟ್ಟುತ್ತಾರೆ. ಪೈಪು ಒಡೆದರೆ ನಿಮಗೇ ಬೇಸರ. ಉಳಿದವರು ಎರಡನೇ ಮಹಡಿಗೆ ಹೊತ್ತೊಯ್ಯುತ್ತಾರೆ. ಕ್ಯಾರಿಯರು, ಸ್ಟ್ಯಾಂಡು, ಮಡ್‌ಗಾರ್ಡು ಎಲ್ಲ ಸೇರಿದ ನಮ್ಮ ಸಾದಾ ಸೈಕಲ್ಲು ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಅದನ್ನು ಹೆಗಲ ಮೇಲೆ ಹೊತ್ತು ಮೂರಡಿ ಅಗಲದ ಮೆಟ್ಟಿಲಲ್ಲಿ ತಿರುಗಿಸಿದರೆ ಹ್ಯಾಂಡಲ್ಲು ನಿಮ್ಮ ಹೊಸ ಬಣ್ಣದ ಗೋಡೆಯನ್ನು ಉದ್ದಕ್ಕೂ ಗೀರುತ್ತದೆ. ದಿನಕ್ಕೆರಡು ಸಲ ಇದನ್ನು ಮಾಡುವ ಶಕ್ತಿ ಎಷ್ಟು ಜನರಿಗಿದೆ? ಕೊನೆಗೆ ಸೈಕಲ್ಲು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಾಗುತ್ತದೆ, ಇಲ್ಲವೇ ಬೀದಿಯಲ್ಲೇ ನಿಂತು ತುಕ್ಕು ಹಿಡಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಮಳೆ ಬೇರೆ ಎರಡು ಸುತ್ತು. ಮೇ ತಿಂಗಳಲ್ಲಿ ಗುಡುಗು-ಸಿಡಿಲಿನದು ಒಂದು, ಸೆಪ್ಟೆಂಬರ್-ಅಕ್ಟೋಬರಿನದು ಇನ್ನೊಂದು. ಕಳ್ಳ ಬಿಟ್ಟದ್ದನ್ನು ಮಳೆ ಬಿಡುವುದಿಲ್ಲ.

‘ಈಗ ಸೈಕಲ್ ತುಳಿಯೋರು ಯಾರಿದ್ದಾರೆ?’ ಎನ್ನುವುದು ನಿಮ್ಮ ಮೊದಲ ಪ್ರಶ್ನೆ ಎಂದು ನನಗೆ ಗೊತ್ತು. 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು. ಸ್ಕೂಟರು, ಬೈಕು ಇದ್ದದ್ದು 21ರಲ್ಲಿ, ಕಾರು ಇದ್ದದ್ದು ಐದಕ್ಕೂ ಕಡಿಮೆ ಮನೆಗಳಲ್ಲಿ. ಆಮೇಲೆ ಬೈಕುಗಳು ಹೆಚ್ಚಿವೆ, ಅದು ಕಣ್ಣಿಗೆ ಕಾಣುತ್ತದೆ. ಆದರೆ ಬೆಳಗಿನ ಐದು ಗಂಟೆಗೆ ಬೀದಿಗೆ ಬಂದು ನಿಂತು ನೋಡಿ. ಪೇಪರ್ ಹಾಕುವ ಹುಡುಗರು, ಹಾಲಿನ ಕ್ಯಾನು ತೂಗುಹಾಕಿಕೊಂಡವರು, ಸೊಪ್ಪು ಮಾರುವವರು, ಆಸ್ಪತ್ರೆಯ ಬೆಳಗಿನ ಪಾಳಿಗೆ ಹೊರಟ ಆಯಾಗಳು, ಎಟಿಎಂ ಮುಂದೆ ರಾತ್ರಿ ಕಾದು ಮನೆಗೆ ಮರಳುವ ವಾಚ್‌ಮನ್‌ಗಳು ಕಾಣುತ್ತಾರೆ. ಗುಂಡ್ಲುಪೇಟೆಯಲ್ಲಿ ಇನ್ನೂ ಒಂದು ವರ್ಗವಿದೆ. 2009ರಿಂದ ಬಂಡೀಪುರದ ಕಾಡಿನ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂದ್. ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟುಗಳು ಆರಕ್ಕೆ ತೆರೆಯುವುದನ್ನೇ ಕಾಯುವ ಗಾಡಿಗಳವರಿಗೆ ಅದಕ್ಕೂ ಮುಂಚೆಯೇ ಕಾಫಿ, ಇಡ್ಲಿ ಬೇಕು. ಆ ಇಡ್ಲಿ ಬೇಯಿಸುವವರು ನಾಲ್ಕಕ್ಕೇ ಏಳಬೇಕು, ಆ ಹೊತ್ತಿನಲ್ಲಿ ಅವರಿಗೆ ಬಸ್ಸೂ ಇಲ್ಲ, ಆಟೋವೂ ಇಲ್ಲ. ಅವರ ಕೆಲಸ ನಿಂತಿರುವುದು ಎರಡು ಚಕ್ರದ ಮೇಲೆ. ನಾವು ಏಳುವ ಹೊತ್ತಿಗೆ ಇವರೆಲ್ಲ ಕೆಲಸಕ್ಕೆ ಹೋಗಿಯಾಗಿರುತ್ತದೆ. ಹಾಗಾಗಿ ಸೈಕಲ್ಲೇ ಇಲ್ಲ ಅಂದುಕೊಳ್ಳುತ್ತೇವೆ.

ಮಕ್ಕಳ ಮಾತು ಬೇರೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು, ಮುಂದೆ ಗಂಡುಮಕ್ಕಳಿಗೂ ಸಿಕ್ಕಿತು. ನಮ್ಮ ಹಳ್ಳಿಗಳಲ್ಲಿ ಏಳನೇ ತರಗತಿಗೆ ಶಾಲೆ ನಿಲ್ಲುತ್ತಿದ್ದ ಎಷ್ಟೋ ಹುಡುಗಿಯರನ್ನು ಹೈಸ್ಕೂಲಿನ ಬಾಗಿಲಿಗೆ ತಂದದ್ದು ಆ ಸೈಕಲ್ಲೇ. ಕೋವಿಡ್ ಬಂದಾಗ ಆ ಯೋಜನೆ ನಿಂತಿತು. ಅಂದರೆ ಈಗ ಮಗು ತುಳಿಯುವ ಸೈಕಲ್ಲು ಮನೆಯವರು ಕೂಡಿಟ್ಟ ದುಡ್ಡಿನಲ್ಲಿ ಕೊಂಡದ್ದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ನಿಜ. ಆದರೂ ಗಾರೆ ಕೆಲಸದವನಿಗೆ ಅದು ಹತ್ತಾರು ದಿನಗಳ ಕೂಲಿ. ಒಂದು ಕಳುವಾದರೆ ಎರಡನೆಯದನ್ನು ಕೊಡಿಸುವ ಮಾತು ಆ ಮನೆಯಲ್ಲಿ ಬರುವುದಿಲ್ಲ. ‘ಇನ್ಮೇಲೆ ನಡ್ಕೊಂಡು ಹೋಗು’ ಎಂಬಲ್ಲಿಗೆ ಮುಗಿಯುತ್ತದೆ.

ಇನ್ನು ಕಾನೂನಿನ ಸಂಗತಿ. ಇದು ನಿಮಗೂ ನೇರವಾಗಿ ಸಂಬಂಧಪಟ್ಟದ್ದು. ಬೈಕಿಗೆ ನೋಂದಣಿ ಇದೆ, ನಂಬರ್ ಪ್ಲೇಟಿದೆ, ವಿಮೆಯಿದೆ. ಸೈಕಲ್ಲಿಗೆ ಇವು ಯಾವುದೂ ಇಲ್ಲ. ಒಂದು ಕಾಲದಲ್ಲಿ ಪುರಸಭೆಗೆ ತೆರಿಗೆ ಕಟ್ಟಿ, ಬಿಲ್ಲೆ ಪಡೆದು ಸೈಕಲ್ಲಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಈಗ ಅದೂ ಇಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ನಿನ ಪ್ರಕಾರ, ಕದ್ದ ವಸ್ತುವಿನ ಬೆಲೆ 5000 ರೂಪಾಯಿಗಿಂತ ಕಡಿಮೆಯಿದ್ದು, ಕದ್ದವನಿಗೆ ಅದು ಮೊದಲ ಶಿಕ್ಷೆಯಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಇಂಥ ಸಣ್ಣ ಕಳವನ್ನು ಅಸಂಜ್ಞೇಯ ಅಪರಾಧದ ಪಟ್ಟಿಗೆ ಹಾಕಿದ್ದಾರೆ. ಹಾಗೆಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ನಾಲ್ಕು ವರ್ಷ ತುಳಿದ ಸೈಕಲ್ಲಿನ ಬೆಲೆ ಎಷ್ಟು ಬಾಳೀತು ಎಂದು ನೀವೇ ಲೆಕ್ಕ ಹಾಕಿ. ಅದೇ ಸಂಹಿತೆಯ 305ನೇ ಸೆಕ್ಷನ್ ನೋಡಿ: ಜನ ವಾಸವಿರುವ ಕಟ್ಟಡದೊಳಗಿನಿಂದ ಕದ್ದರೆ ಏಳು ವರ್ಷದವರೆಗೆ ಸೆರೆ, ಅದು ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧ. ಬೀದಿಯಲ್ಲಿ ನಿಂತ ಸೈಕಲ್ಲಿಗೂ ಕಟ್ಟಡದ ಒಳಗೆ ನಿಂತ ಸೈಕಲ್ಲಿಗೂ ಕಾನೂನಿನ ಕಣ್ಣಲ್ಲೇ ಇಷ್ಟು ಅಂತರವಿದೆ. ಕದ್ದ ಮೇಲೆ ಹುಡುಕಿಕೊಡುವ ವ್ಯವಸ್ಥೆ ಬಡವನ ಸೈಕಲ್ಲಿಗೆ ಹೆಚ್ಚೇನೂ ಆಸರೆಯಾಗದು. ಕದಿಯಲಾಗದ ಹಾಗೆ ನಿಲ್ಲಿಸಲು ಒಂದು ಜಾಗ ಸಿಕ್ಕರೆ ಅದೇ ಆಸರೆ.

ಸೈಕಲ್ಲನ್ನು ಜೋಪಾನ ಮಾಡುವುದು ನಮ್ಮ ಊರುಗಳಿಗೆ ಹೊಸ ವಿದ್ಯೆಯಲ್ಲ. ಬಸ್ ಸ್ಟ್ಯಾಂಡಿನ ಪಕ್ಕ, ಟಾಕೀಸಿನ ಪಕ್ಕ, ರೈಲ್ವೆ ಸ್ಟೇಷನ್ನಿನ ಪಕ್ಕ ಸೈಕಲ್ ಸ್ಟ್ಯಾಂಡ್ ಇಲ್ಲದ ಊರು ನಮ್ಮ ಕಡೆ ಇರಲಿಲ್ಲ. ತಗಡಿನ ಮಾಡು, ಅಡ್ಡಕ್ಕೆ ಎಳೆದ ಉದ್ದನೆಯ ಕಂಬಿ, ಬಾಗಿಲಲ್ಲಿ ಮುರುಕು ಕುರ್ಚಿ ಹಾಕಿಕೊಂಡು ಕೂತ ಒಬ್ಬಾತ. ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದು, ಅದೇ ನಂಬರಿನ ಚೀಟಿ ಕೈಗೆ ಕೊಡುತ್ತಿದ್ದ. ಹಳ್ಳಿಯಿಂದ ತುಳಿದು ಬಂದು ಸೈಕಲ್ಲು ಅಲ್ಲಿ ಬಿಟ್ಟು ಮೈಸೂರಿನ ಬಸ್ಸೋ ರೈಲೋ ಹತ್ತಿದವನು ರಾತ್ರಿ ಬಂದು ಚೀಟಿ ಕೊಟ್ಟರೆ, ನೂರಾರು ಸೈಕಲ್ಲುಗಳ ನಡುವಿನಿಂದ ಅವನದೇ ಸೈಕಲ್ಲು ಈಚೆ ಬರುತ್ತಿತ್ತು. ಊರಿಗೆ ಊರೇ ನಂಬಿದ್ದ ವ್ಯವಸ್ಥೆ ಅದು. ಆ ಸ್ಟ್ಯಾಂಡುಗಳಲ್ಲಿ ಈಗ ಬೈಕುಗಳೇ ತುಂಬಿವೆ. ಹಿಂದೆ ಮನೆಯ ವಿಷಯದಲ್ಲಿ ಈ ತೊಂದರೆ ಇರಲಿಲ್ಲ, ಯಾಕೆಂದರೆ ಮನೆ ನೆಲದ ಮೇಲಿತ್ತು. ಜಗುಲಿ ಇತ್ತು, ನಡುಮನೆ ಇತ್ತು, ಕೊಟ್ಟಿಗೆಯ ಮೂಲೆ ಇತ್ತು. ರಾತ್ರಿ ಸೈಕಲ್ಲನ್ನು ಹೊಸ್ತಿಲು ದಾಟಿಸಿ ಒಳಗೆ ತಂದು ಒರಗಿಸಿದರೆ ಆಯಿತು. ಮನೆಗಳು ಮೇಲಕ್ಕೆ ಹೋದವು, ಸೈಕಲ್ಲು ಕೆಳಗೇ ಉಳಿಯಿತು. ಕಳೆದುಹೋದ ಆ ಜಗುಲಿಗೆ ಬದಲಾಗಿ ನಾವು ಏನನ್ನೂ ಕಟ್ಟಿಲ್ಲ.

ಬೇರೆ ಕಡೆ ಏನು ಮಾಡಿದ್ದಾರೆ ನೋಡಿ. ಇಲ್ಲಿಂದ ಅರವತ್ತು ಕಿಲೋಮೀಟರ್ ದೂರದ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ 450 ಸೈಕಲ್ಲುಗಳಿಗೆ 48 ನಿಲ್ದಾಣಗಳನ್ನು ಕಟ್ಟಿದರು. ಮೊದಲು ಸೈಕಲ್ ತಂದು ಆಮೇಲೆ ಜಾಗ ಹುಡುಕಲಿಲ್ಲ. ಪ್ರತಿ ಸೈಕಲ್ಲಿಗೂ ನೆಲಕ್ಕೆ ಹೂತ, ತಾನಾಗಿ ಬೀಗ ಬೀಳುವ ಒಂದು ಕೊಂಡಿ ಸಿದ್ಧವಿತ್ತು. ಬಾಡಿಗೆ ಸೈಕಲ್ಲಿಗೆ ಸಿಕ್ಕ ಈ ಮರ್ಯಾದೆ ಸ್ವಂತ ಸೈಕಲ್ಲಿಗೂ ಸಿಗಬೇಡವೇ? ನೆದರ್ಲೆಂಡ್ಸ್ ದೇಶದಲ್ಲಿ ಹೊಸ ಮನೆ ಕಟ್ಟುವಾಗ ಮಳೆ ತಾಗದ, ಬೀಗ ಹಾಕಬಹುದಾದ ಒಂದು ಉಗ್ರಾಣ ಇರಲೇಬೇಕೆಂಬ ನಿಯಮವಿತ್ತು. ಸೈಕಲ್ಲು ನಿಲ್ಲುವುದು ಅಲ್ಲೇ. 2003ರಲ್ಲಿ ನಿಯಮ ಸಡಿಲಿಸಿ, ಬಿಲ್ಡರುಗಳು ತಾವಾಗಿಯೇ ಕಟ್ಟುತ್ತಾರೆ ಎಂದು ಬಿಟ್ಟುನೋಡಿದರು. 2012ರಲ್ಲಿ ನಿಯಮವನ್ನು ಮತ್ತೆ ತಂದರು: ಮನೆಯೊಂದಕ್ಕೆ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರಿಗೆ ಕಡಿಮೆಯಿಲ್ಲದಂತೆ. 50 ಚದರ ಮೀಟರಿನೊಳಗಿನ ಸಣ್ಣ ಮನೆಗಳಾದರೆ ಎಲ್ಲರಿಗೂ ಸೇರಿ ಒಂದೇ ಉಗ್ರಾಣ ಸಾಕು, ಮನೆಗೆ ಒಂದೂವರೆ ಚದರ ಮೀಟರಿನಂತೆ. ಆ ಒಂದೂವರೆ ಚದರ ಮೀಟರ್ ಎಂದರೆ 16 ಚದರ ಅಡಿ. ನಾನು ನಿಮ್ಮಲ್ಲಿ ಕೇಳಿದ್ದು ಮನೆಗೆ 13. ಸೈಕಲ್ಲೇ ಉಸಿರಾದ ದೇಶದಲ್ಲೂ ಕಟ್ಟುವವರ ಮರ್ಜಿಗೆ ಬಿಟ್ಟರೆ ನಡೆಯದು ಎಂದು ಒಂಬತ್ತು ವರ್ಷಕ್ಕೆ ಗೊತ್ತಾಯಿತು. ನಮ್ಮಲ್ಲಿ ನಿಯಮ ಬರುವವರೆಗೂ ಕಾಯಬೇಕಾಗಿಲ್ಲ ಎಂಬ ನಂಬಿಕೆಯಿಂದ ನಾನು ನಿಮ್ಮ ಮರ್ಜಿಯನ್ನೇ ಕೇಳುತ್ತಿದ್ದೇನೆ.

ನಿಮ್ಮ ಅಳುಕುಗಳೂ ನನಗೆ ಗೊತ್ತು. ಜಾಗ ಕೊಟ್ಟ ಮೇಲೆ ಸೈಕಲ್ಲು ಕಳುವಾದರೆ ಬಾಡಿಗೆದಾರ ನಿಮ್ಮ ಕೊರಳಪಟ್ಟಿ ಹಿಡಿಯುತ್ತಾನೆ ಎಂಬುದು ಒಂದು. ನಿಲ್ಲಿಸಲು ಜಾಗ ಕೊಡುವುದೇ ಬೇರೆ, ವಸ್ತುವನ್ನು ವಶಕ್ಕೆ ತೆಗೆದುಕೊಳ್ಳುವುದೇ ಬೇರೆ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೋಟೆಲಿನವರು ಗಿರಾಕಿಯಿಂದ ಕೀಲಿ ಇಸಿದುಕೊಂಡು ತಾವೇ ನಿಲ್ಲಿಸಿದ ಕಾರು ಕಳುವಾದ ಪ್ರಕರಣದಲ್ಲಿ ಹೊಣೆಯನ್ನು ಹೋಟೆಲಿನ ಮೇಲೆ ಹೊರಿಸಿತು. ಕಾರನ್ನು ತಮ್ಮ ವಶಕ್ಕೆ ತೆಗೆದುಕೊಂಡಿದ್ದರು ಎಂಬುದೇ ಕಾರಣ. ನೀವು ಬಾಡಿಗೆದಾರನ ಬೀಗದ ಕೀಲಿ ಇಸಿದುಕೊಳ್ಳುವುದಿಲ್ಲವಲ್ಲ. ಕಂಬಿ ನಿಮ್ಮದು, ಸರಪಳಿ ಮತ್ತು ಬೀಗ ಅವನದು ಎಂದು ಕರಾರು ಪತ್ರದಲ್ಲಿ ಒಂದು ಸಾಲು ಬರೆಸಿಬಿಡಿ. ಎರಡನೆಯ ಅಳುಕು, ಸೈಕಲ್ಲಿಗೆಂದು ಬಿಟ್ಟ ಜಾಗಕ್ಕೆ ಬೈಕು ನುಗ್ಗುತ್ತದೆ ಎಂಬುದು. ಕಮಾನುಗಳನ್ನು ನೆಟ್ಟು ಅವುಗಳ ಮಗ್ಗುಲಿಗೆ ಸೈಕಲ್ಲು ನಿಂತರೆ ಆ ತೊಂದರೆ ಬಹುಮಟ್ಟಿಗೆ ತೀರುತ್ತದೆ, ನಡುವೆ ಬೈಕಿಗೆ ಜಾಗ ಉಳಿಯುವುದಿಲ್ಲ. ಮೂರನೆಯದು ಕಾರಿನ ಜಾಗ ಹೋಗುತ್ತದೆ ಎಂಬ ಚಿಂತೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ಲು ನಿಲ್ಲುತ್ತವೆ. ನಿಮ್ಮ ಕಾರನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಅದರ ಬಾನೆಟ್ಟಿನ ಮುಂದಿನ ಗೋಡೆಯ ಬದಿಯಲ್ಲೋ ಮೆಟ್ಟಿಲ ಬಲಪಕ್ಕದಲ್ಲೋ ನಾಲ್ಕು ಸೈಕಲ್ಲಿನ ಜಾಗ ಇದ್ದೇ ಇರುತ್ತದೆ, ಹುಡುಕಬೇಕಷ್ಟೆ.

ಹುಡುಕಲು ಒಳ್ಳೆಯ ದಿನವೆಂದರೆ ಪಾಯ ತೆಗೆಯುವ ದಿನ. ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವಾಗ ಈಶಾನ್ಯಕ್ಕೆ ಸಂಪು, ಆಗ್ನೇಯಕ್ಕೆ ಅಡುಗೆಮನೆ, ನೈರುತ್ಯಕ್ಕೆ ಯಜಮಾನರ ಕೋಣೆ ಎಂದು ಎಲ್ಲಕ್ಕೂ ದಿಕ್ಕು ಗೊತ್ತುಮಾಡುತ್ತೀರಿ. ಪಾಪದ ಸೈಕಲ್ಲೊಂದಕ್ಕೆ ದಿಕ್ಕಿಲ್ಲ. ಅಂದೇ ಅದಕ್ಕೂ ಒಂದು ಗೆರೆ ಎಳೆಸಿ. ಗೇಟಿನಿಂದ ಅಲ್ಲಿಗೆ ಮೆಟ್ಟಿಲು ಇರಬಾರದು. ಇದ್ದರೆ ಪಕ್ಕದಲ್ಲಿ ಸೈಕಲ್ಲು ಉರುಳಲು ಒಂದು ಇಳಿಜಾರು ಬಿಡಿಸಿ. ದಾರಿ ಮೂರೂವರೆ ಅಡಿಗೆ ಕಡಿಮೆಯಾಗದಿರಲಿ. ಮೀಟರಿನ ಹಲಗೆಯ ಮುಂದೆ, ಮೆಟ್ಟಿಲ ಬಾಯಿಗೆ ಅಡ್ಡಲಾಗಿ ಬೇಡವೇ ಬೇಡ. ಬೆಂಕಿ ಬಿದ್ದರೆ ಜನ ಓಡಬೇಕಾದ ದಾರಿ ಅದು. ಎರಡಂಗುಲದ ಜಿ.ಐ. ಪೈಪನ್ನು ಬಗ್ಗಿಸಿ, ತಲೆಕೆಳಗಾದ ‘ಯು’ ಆಕಾರದ ಕಮಾನು ಮಾಡಿಕೊಡಿ ಎಂದರೆ ನಮ್ಮೂರಿನ ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ. ನೆಲದಿಂದ ಎರಡೂವರೆ ಅಡಿ ಎತ್ತರ, ಎರಡೂವರೆ ಅಡಿ ಉದ್ದ, ಒಂದಡಿ ಆಳಕ್ಕೆ ಕಾಂಕ್ರೀಟು. ಗೋಡೆಯಿಂದ ಎರಡಡಿ ಬಿಟ್ಟು ಮೊದಲನೆಯದು, ಅಲ್ಲಿಂದ ನಾಲ್ಕಡಿ ಬಿಟ್ಟು ಎರಡನೆಯದು. ಪ್ರತಿ ಕಮಾನಿನ ಎರಡೂ ಮಗ್ಗುಲಿಗೆ ಒಂದೊಂದು ಸೈಕಲ್ಲು ನಿಲ್ಲುತ್ತದೆ. ಹಾಗೆ ನಿಂತ ಸೈಕಲ್ಲಿನ ಚೌಕಟ್ಟು ಮತ್ತು ಹಿಂಚಕ್ರ ಎರಡನ್ನೂ ಸೇರಿಸಿ ಕಮಾನಿಗೆ ಸರಪಳಿ ಸುತ್ತಬಹುದು. ಶಾಲೆಗಳಲ್ಲಿ ಕಾಣುವ, ಮುಂದಿನ ಚಕ್ರವನ್ನಷ್ಟೇ ಸಂದಿನಲ್ಲಿ ಸಿಕ್ಕಿಸುವ ತೆಳು ಕಂಬಿಗಳ ಸ್ಟ್ಯಾಂಡು ಮಾತ್ರ ಬೇಡ. ಅದರಲ್ಲಿ ಸೈಕಲ್ಲು ವಾಲಿದರೆ ರಿಮ್ಮು ಸೊಟ್ಟಗಾಗುತ್ತದೆ, ಕಳ್ಳ ಬಂದರೆ ಮುಂದಿನ ಚಕ್ರವೊಂದೇ ನಿಮಗೆ ಉಳಿಯುತ್ತದೆ. ಗೋಡೆಗೆ ಕೊಕ್ಕೆ ಹೊಡೆದು ನೇತುಹಾಕುವುದೂ ಉಂಟು. ನಮ್ಮ ಭಾರದ ಸೈಕಲ್ಲನ್ನು ಮಕ್ಕಳು, ವಯಸ್ಸಾದವರು ಹಾಗೆ ಎತ್ತಲಾರರು. ರಾತ್ರಿಯೆಲ್ಲ ಉರಿಯುವ ಒಂದು ಎಲ್‌ಇಡಿ ಬಲ್ಬು, ಬೀದಿಗೂ ಮಾಲೀಕರ ಕಿಟಕಿಗೂ ಕಾಣುವಂಥ ಜಾಗ ಇವೆರಡಿದ್ದರೆ ಅರ್ಧ ಕಾವಲು ಆದಂತೆಯೇ.

ಕಟ್ಟಡ ಆಗಲೇ ಎದ್ದಿದ್ದರೂ ಕೈಚೆಲ್ಲಬೇಕಾಗಿಲ್ಲ. ಮೆಟ್ಟಿಲ ಕೆಳಗಿನ ಸಿಮೆಂಟು ಚೀಲ, ಪೇಂಟಿನ ಬಕೆಟ್ಟುಗಳನ್ನು ಗುಜರಿಗೆ ಹಾಕಿಸಿ. ಆ ಗೋಡೆಗೆ ಒಂದಡಿ ಎತ್ತರದಲ್ಲಿ ಒಂದು ದಪ್ಪ ಸರಳನ್ನು ಉದ್ದಕ್ಕೆ ಕೂರಿಸಿ, ನಟ್ಟಿನ ತಲೆಗಳನ್ನು ವೆಲ್ಡ್ ಮಾಡಿಸಿದರೆ ಮೂರು ಸೈಕಲ್ಲಿಗೆ ಸಾಕು. ಕಾಂಪೌಂಡಿನ ಬದಿಯಲ್ಲಿ ಜಾಗವಿದ್ದರೆ ನಾಲ್ಕು ಕಂಬ, ಒಂದು ಶೀಟು. ಬಾಡಿಗೆದಾರರಿಗೆ ನೀವು ಹೇಳಬೇಕಾದ ಒಂದು ಬುದ್ಧಿಮಾತೂ ಇದೆ: ಸೀಟಿನ ಕೆಳಗಿನ ಪೈಪಿನ ಮೇಲೋ ಪೆಡಲುಗಳ ನಡುವಿನ ಭಾಗದ ಅಡಿಯಲ್ಲೋ ಕೊರೆದಿರುವ ಫ್ರೇಮ್ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಅಂಗಡಿಯ ಬಿಲ್ಲಿನ ಜೊತೆ ಇಟ್ಟುಕೊಳ್ಳಲಿ. ನಂಬರ್ ಪ್ಲೇಟಿಲ್ಲದ ಗಾಡಿ ತನ್ನದೇ ಎಂದು ತೋರಿಸಲು ಇರುವ ಪುರಾವೆ ಅದು. 250 ವಾಟಿನ ಒಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಸೈಕಲ್ಲುಗಳಿಗೂ ನೋಂದಣಿ ಇಲ್ಲ. ಅವುಗಳ ಬೆಲೆ ಸಾದಾ ಸೈಕಲ್ಲಿನ ಹಲವು ಪಟ್ಟು. ನಾಳೆ ಆ ಸೈಕಲ್ಲುಗಳೂ ನಿಮ್ಮ ಗೇಟಿಗೆ ಬರುತ್ತವೆ, ಆಗ ಈ ಕಮಾನುಗಳ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ನಿಮ್ಮಲ್ಲಿ ಕೆಲವರು ಮನೆಗಳನ್ನು ಬಾಡಿಗೆಗೆ ಕೊಡದೆ ಒಂದೊಂದಾಗಿ ಮಾರುವ ಯೋಚನೆಯಲ್ಲಿರಬಹುದು. ಅವರಿಗೊಂದು ನೆನಪು. ಮುಂಬೈಯ ಪ್ರಕರಣವೊಂದರಲ್ಲಿ 2010ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಕಂಬಗಳ ನಡುವಿನ ಪಾರ್ಕಿಂಗ್ ಜಾಗ ಎಲ್ಲ ಫ್ಲ್ಯಾಟಿನವರಿಗೂ ಸೇರಿದ್ದು, ಬಿಲ್ಡರು ಅದನ್ನು ಬೇರೆಯಾಗಿ ಮಾರುವಂತಿಲ್ಲ ಎಂದಿತು. ಸಾಮಾನ್ಯ ಜಾಗದಲ್ಲಿ ಕಾರಿನವರಿಗೆ ಎಷ್ಟು ಹಕ್ಕೋ ಸೈಕಲ್ಲಿನವರಿಗೂ ಅಷ್ಟೇ ಹಕ್ಕು. ಮಾರುವ ಮುನ್ನವೇ ಆ ಪಾಲನ್ನು ನಕ್ಷೆಯಲ್ಲಿ ಗುರುತು ಮಾಡಿದರೆ ಮುಂದಿನ ಜಗಳ ತಪ್ಪುತ್ತದೆ.

ಚಾಮರಾಜನಗರದ ನಗರಸಭೆಗೆ, ಗುಂಡ್ಲುಪೇಟೆಯ ಪುರಸಭೆಗೆ ಕಟ್ಟಡದ ಪರವಾನಗಿಗೆಂದು ನೀವು ನಕ್ಷೆ ಒಯ್ಯುತ್ತೀರಲ್ಲ, ಅದರಲ್ಲಿ ಕಾರಿಗೆ ಬಿಟ್ಟ ಜಾಗವನ್ನು ಗೆರೆ ಹಾಕಿ ತೋರಿಸಿರುತ್ತದೆ. ಸೈಕಲ್ಲಿಗೂ ಒಂದು ಚೌಕ ಹಾಕಿಕೊಡಲು ನಿಮ್ಮ ಇಂಜಿನಿಯರಿಗೆ ಹೇಳಿ. ಹತ್ತು ನಕ್ಷೆಗಳಲ್ಲಿ ಆ ಚೌಕ ಕಂಡರೆ ಹನ್ನೊಂದನೆಯದರಲ್ಲಿ ಅಧಿಕಾರಿಗಳೇ ಕೇಳುತ್ತಾರೆ. ಪೊಲೀಸ್ ಕ್ವಾರ್ಟರ್ಸು, ನೌಕರರ ವಸತಿಗೃಹ, ಕೊಳೆಗೇರಿ ಮಂಡಳಿಯ ಮಹಡಿ ಮನೆಗಳು ಇವೆಲ್ಲ ಸರ್ಕಾರದವು; ಅಲ್ಲಿ ಮಾಲೀಕರ ಜಾಗದಲ್ಲಿ ಇಲಾಖೆ ಕೂತಿದೆ. ಊರಿನ ಖಾಸಗಿ ಮಾಲೀಕರು ತಾವಾಗಿ ಮಾಡಿ ತೋರಿಸಿದ್ದನ್ನು ಇಲಾಖೆ ಮಾಡುವುದಿಲ್ಲ ಎಂದರೆ ಆಗ ಕೇಳುವವರ ದನಿಗೆ ಬಲ ಬರುತ್ತದೆ. ಅದಕ್ಕೂ ಮೊದಲ ಹೆಜ್ಜೆ ನಿಮ್ಮಿಂದಲೇ ಆಗಬೇಕು.

ಇದರಿಂದ ನಮಗೇನು ಲಾಭ ಎಂದೂ ಕೇಳಿ, ಅದರಲ್ಲಿ ತಪ್ಪಿಲ್ಲ. ಮನೆ ಖಾಲಿ ಬಿದ್ದರೆ ತಿಂಗಳ ಬಾಡಿಗೆ ಹೋಯಿತು. ಕಮಾನು, ಸಿಮೆಂಟು, ಕೂಲಿ ಎಲ್ಲ ಸೇರಿದರೂ ಎರಡು ಕಮಾನಿನ ಖರ್ಚು ಒಂದು ಮನೆಯ ಒಂದು ತಿಂಗಳ ಬಾಡಿಗೆಯನ್ನು ದಾಟುವುದು ಕಷ್ಟ. ನೀವು ಜೋಪಾನ ಮಾಡಿದ ಸೈಕಲ್ಲಿನಿಂದ ಮಗಳ ಶಾಲೆ ತಪ್ಪದಿದ್ದರೆ, ಗಂಡ ಪಾಳಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರೆ, ಆ ಕುಟುಂಬ ಸುಮ್ಮಸುಮ್ಮನೆ ಮನೆ ಬದಲಿಸುವುದಿಲ್ಲ. ಬಾಡಿಗೆಯೂ ತಿಂಗಳ ಐದಕ್ಕೇ ಕೈಸೇರುತ್ತದೆ. ಮೆಟ್ಟಿಲ ಗೋಡೆಯ ಬಣ್ಣ ಉಳಿದದ್ದು ಬೇರೆ ಲಾಭ.

ಮುಂದಿನ ಸಲ ಗೇಟಿಗೆ ‘ಮನೆ ಬಾಡಿಗೆಗಿದೆ’ ಎಂಬ ಹಲಗೆ ತೂಗುಹಾಕುವಾಗ, ಸಸ್ಯಾಹಾರಿಗಳಿಗೆ ಮಾತ್ರ, ಕುಟುಂಬದವರಿಗೆ ಮಾತ್ರ, ಬೋರ್‌ವೆಲ್ ನೀರು ಇದೆ ಎಂದೆಲ್ಲ ಬರೆಯುವ ನೀವು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ಸೈಕಲ್ ನಿಲ್ಲಿಸಲು ಭದ್ರವಾದ ಜಾಗ ಇದೆ.’ ಯಾರು ಬಂದು ಬಾಗಿಲು ತಟ್ಟುತ್ತಾರೆ ನೋಡಿ.

ಇಂತಿ,
ನಿಮ್ಮೂರಿನ ಒಬ್ಬ ಸೈಕಲ್ ಸವಾರ